ಗುತ್ತಿಗೆದಾರನ ಯೋಗ್ಯತೆಯನ್ನು ಅಳೆಯುವವರು ಯಾರು?

(ಪಕ್ಷದ ಅಧ್ಯಯನ ಶಿಬಿರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲುನೋಟಕ್ಕೆ ಬಹಳ ಒಣ ವಿಷಯ. ಟೆಂಡರು, ಠೇವಣಿ, ಅರ್ಹತಾ ಪತ್ರ ಇವೆಲ್ಲ ಕಛೇರಿಯ ಗುಮಾಸ್ತರ ಮಾತು, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಆದರೆ ನಮ್ಮ ಓಣಿಯ ಚರಂಡಿ, ಸರ್ಕಾರಿ ಆಸ್ಪತ್ರೆಯ ಗೋಡೆ, ನೀರಿನ ಟ್ಯಾಂಕು, ನಮ್ಮ ಮಕ್ಕಳು ಕೂತು ಓದುವ ಕೊಠಡಿಯ ಚಾವಣಿ, ಇವೆಲ್ಲ ಗಟ್ಟಿಯಾಗಿ ನಿಲ್ಲುವುದೂ ಬೀಳುವುದೂ ಆ ಒಣ ಕಾಗದಗಳಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಸರ್ಕಾರ ಬಹುಮಟ್ಟಿಗೆ ಏನನ್ನೂ ತಾನೇ ಕಟ್ಟುವುದಿಲ್ಲ, ಕಟ್ಟಿಸುತ್ತದೆ. ನಮ್ಮ ತೆರಿಗೆಯ ಹಣವನ್ನು ಒಬ್ಬ ಗುತ್ತಿಗೆದಾರನ ಕೈಗೆ ಕೊಟ್ಟು, ಇಷ್ಟು ತಿಂಗಳಲ್ಲಿ ಇಂಥ ಕಟ್ಟಡ ಕಟ್ಟಿಕೊಡು ಎನ್ನುತ್ತದೆ. ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈತ ಈ ಕೆಲಸ ಮಾಡಬಲ್ಲನೇ?

ಇಲ್ಲಿ ಕೂತಿರುವ ಕಿರಾಣಿ ಅಂಗಡಿಯ ಅಣ್ಣಂದಿರು ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುತ್ತಾರೆ. ಹೊಸ ಗಿರಾಕಿ ಬಂದು ಉದ್ರಿ ಕೇಳಿದರೆ ಅವನ ಅಂಗಿ ನೋಡಿ ಕೊಡುತ್ತೀರಾ? ಇಲ್ಲ. ಹಿಂದಿನ ಅಂಗಡಿಯಲ್ಲಿ ಬಾಕಿ ಉಳಿಸಿ ಬಂದಿದ್ದಾನೋ, ಮಾತಿನಂತೆ ತೀರಿಸುವವನೋ ಎಂದು ನಾಲ್ಕು ಜನರನ್ನು ವಿಚಾರಿಸುತ್ತೀರಿ. ಗಿರಣಿಯಲ್ಲಿಯೂ ಹಾಗೆಯೇ. ಹೊಸಬನೊಬ್ಬ ಬಂದರೆ ಅವನ ಕೈಯಲ್ಲಿ ಎಷ್ಟು ಸರ್ಟಿಫಿಕೇಟಿದೆ ಎನ್ನುವುದಕ್ಕಿಂತ, ಯಂತ್ರದ ಮುಂದೆ ಅರ್ಧ ದಿನ ನಿಲ್ಲಿಸಿದರೆ ಅವನ ಕೈ ಎಷ್ಟು ಪಳಗಿದೆ ಎಂಬುದು ಪಕ್ಕದವನಿಗೆ ತಿಳಿದುಹೋಗುತ್ತದೆ. ನಮ್ಮ ಸರ್ಕಾರಗಳು ಗುತ್ತಿಗೆದಾರನನ್ನು ಹೇಗೆ ಪರೀಕ್ಷಿಸುತ್ತವೆ, ಆ ಪರೀಕ್ಷೆಯಲ್ಲಿ ಏನು ತಪ್ಪಿಹೋಗುತ್ತದೆ, ತಪ್ಪಿಹೋದದ್ದನ್ನು ಸೇರಿಸುವುದಕ್ಕೆ ನಾವೇನು ಮಾಡಬೇಕು, ಈ ಮೂರು ಮಾತು ಹೇಳಿ ಮುಗಿಸುತ್ತೇನೆ.

ನಾನು ಮೇಷ್ಟ್ರಾಗಿದ್ದ ಕಾಲದ ಒಂದು ಸಂಗತಿ ಹೇಳಬೇಕು. ನಮ್ಮ ಶಾಲೆಗೆ ಒಂದು ಹೊಸ ಕೊಠಡಿ ಮಂಜೂರಾಯಿತು. ಕೆಲಸ ಸಿಕ್ಕಿದ್ದು ದೊಡ್ಡ ಹೆಸರಿನ ಗುತ್ತಿಗೆದಾರನಿಗೆ. ಆದರೆ ಶಾಲೆಯ ಅಂಗಳದಲ್ಲಿ ನಾವು ಅವನ ಮುಖ ನೋಡಲಿಲ್ಲ. ಆತ ಇನ್ನೊಬ್ಬನಿಗೆ ವಹಿಸಿದ್ದ, ಅವನು ಮತ್ತೊಬ್ಬನಿಗೆ. ಶಾಲೆಯ ಎದುರು ಚಹಾ ಅಂಗಡಿ ಇಟ್ಟಿದ್ದ ಅಜ್ಜಿ ಒಂದು ದಿನ ನನ್ನನ್ನು ಕರೆದು, "ಮೇಷ್ಟ್ರೇ, ಈ ಕಟ್ಟಡದವರು ಮೂರು ವಾರದಿಂದ ಕೂಲಿಯವರಿಗೆ ಬಟವಾಡೆ ಮಾಡಿಲ್ಲ. ನನ್ನ ಚಹಾದ ಲೆಕ್ಕವೂ ಹಾಗೇ ನಿಂತಿದೆ. ಇವರು ಕಟ್ಟಿದ್ದು ನಿಲ್ಲೋದಿಲ್ಲ, ಮಕ್ಕಳನ್ನ ಜೋಪಾನವಾಗಿ ಕೂರಿಸಿ" ಎಂದಳು. ನಾನು ಆಗ ನಕ್ಕುಬಿಟ್ಟೆ. ಚಹಾದ ಬಾಕಿಗೂ ಚಾವಣಿಗೂ ಏನು ಸಂಬಂಧ ಎಂದುಕೊಂಡೆ. ಮೊದಲ ಮಳೆಗಾಲದಲ್ಲೇ ಚಾವಣಿ ಸೋರಿತು. ಎರಡನೆಯ ಮಳೆಗಾಲದಲ್ಲಿ ಗಾರೆ ಕಳಚಿ ಹಲಗೆಯ ಮೇಲೆ ಬಿತ್ತು. ಅಂದು ಭಾನುವಾರವಾದ್ದರಿಂದ ಮಕ್ಕಳು ಬದುಕಿದರು. ಅಜ್ಜಿಗೆ ತಿಳಿದದ್ದು ಇಂಜಿನಿಯರಿಗೆ ಏಕೆ ತಿಳಿಯಲಿಲ್ಲ ಎಂದು ಅಂದಿನಿಂದ ಕೇಳಿಕೊಳ್ಳುತ್ತಲೇ ಇದ್ದೇನೆ. ಕೂಲಿ ಸಿಗದ ಮೇಸ್ತ್ರಿ ಬಿಟ್ಟುಹೋಗುತ್ತಾನೆ. ಅವನ ಜಾಗಕ್ಕೆ ಕೆಲಸ ಬಾರದವನು ಬರುತ್ತಾನೆ. ಬಾಕಿ ಸಿಗದ ಸಿಮೆಂಟು ಅಂಗಡಿಯವನು ಮೂಟೆ ಕಳಿಸುವುದನ್ನು ನಿಲ್ಲಿಸುತ್ತಾನೆ. ಆಗ ಗಾರೆಯಲ್ಲಿ ಮರಳು ಹೆಚ್ಚಾಗುತ್ತದೆ. ಕೊನೆಗೆ ಚಾವಣಿ ಸೋರುತ್ತದೆ. ಚಹಾದ ಬಾಕಿಗೂ ಚಾವಣಿಗೂ ಇರುವ ಸಂಬಂಧ ಇದು.

ಈಗ ನಿಯಮದ ಮಾತಿಗೆ ಬರೋಣ. ನಮ್ಮ ರಾಜ್ಯದಲ್ಲಿ ಇದಕ್ಕಾಗಿಯೇ ಒಂದು ಕಾನೂನಿದೆ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಸರ್ಕಾರಿ ಹಣದಲ್ಲಿ ಕೊಳ್ಳುವುದನ್ನೂ ಕಟ್ಟಿಸುವುದನ್ನೂ ಬಹಿರಂಗ ಟೆಂಡರಿನ ಮೂಲಕವೇ ಮಾಡಬೇಕು ಎಂಬುದು ಅದರ ತಿರುಳು. ದೊಡ್ಡ ಕಾಮಗಾರಿಗಳಲ್ಲಿ ಗುತ್ತಿಗೆದಾರನು ಎರಡು ಲಕೋಟೆ ಸಲ್ಲಿಸುತ್ತಾನೆ. ಮೊದಲನೆಯದರಲ್ಲಿ ತನ್ನ ಯೋಗ್ಯತೆಯ ದಾಖಲೆ, ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಪಾಸಾದವರ ಎರಡನೆಯ ಲಕೋಟೆಯನ್ನು ಮಾತ್ರ ಒಡೆಯುತ್ತಾರೆ. ಅವರೊಳಗೆ ಕಡಿಮೆ ದರದವನಿಗೆ ಕೆಲಸ. ಇಂದು ಆ ಲಕೋಟೆ ಕಾಗದದ್ದಲ್ಲ, ಸರ್ಕಾರದ ಅಂತರ್ಜಾಲ ತಾಣದಲ್ಲಿ ಸಲ್ಲಿಸುವಂಥದು. ಆದರೆ ಕ್ರಮ ಅದೇ.

ಮೊದಲ ಲಕೋಟೆಯಲ್ಲಿ ಏನು ನೋಡುತ್ತಾರೆ? ಇದಕ್ಕೆ ದೇಶದ ಬಹಳ ಕಛೇರಿಗಳು ಅನುಸರಿಸುವ ಒಂದು ಅಳತೆಗೋಲನ್ನು ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರಿನಲ್ಲಿ ಕೊಟ್ಟಿತು. 6 ಕೋಟಿ ರೂಪಾಯಿನ ಒಂದು ಆಸ್ಪತ್ರೆ ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ಗುತ್ತಿಗೆದಾರನ ಕಳೆದ 3 ವರ್ಷಗಳ ಸರಾಸರಿ ವಾರ್ಷಿಕ ವಹಿವಾಟು ಅಂದಾಜಿನ ಶೇಕಡ 30 ಇರಬೇಕು, ಎಂದರೆ 1 ಕೋಟಿ 80 ಲಕ್ಷ. ಕಳೆದ 7 ವರ್ಷಗಳಲ್ಲಿ ಅದೇ ಬಗೆಯ ಕೆಲಸ ಮಾಡಿ ಮುಗಿಸಿರಬೇಕು. ಒಂದೊಂದೂ ಶೇಕಡ 40ಕ್ಕೆ ಕಡಿಮೆಯಿಲ್ಲದ 3 ಕೆಲಸ, ಇಲ್ಲವೇ ಶೇಕಡ 50ರ 2 ಕೆಲಸ, ಇಲ್ಲವೇ ಶೇಕಡ 80ರ 1 ಕೆಲಸ. ನಮ್ಮ ಆಸ್ಪತ್ರೆಯ ಲೆಕ್ಕದಲ್ಲಿ 2 ಕೋಟಿ 40 ಲಕ್ಷದ 3, ಅಥವಾ 3 ಕೋಟಿಯ 2, ಅಥವಾ 4 ಕೋಟಿ 80 ಲಕ್ಷದ 1.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ನಮ್ಮ ರಾಜ್ಯದ ದೊಡ್ಡ ಕಾಮಗಾರಿಗಳ ಮಾದರಿ ಟೆಂಡರು ಪತ್ರದಲ್ಲಿ ಇದು ಅಚ್ಚಾಗಿದೆ. ಗುತ್ತಿಗೆದಾರನು ಕಳೆದ 5 ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಅತಿ ಹೆಚ್ಚು ಎಷ್ಟು ಕೆಲಸ ಮಾಡಿದ್ದಾನೋ ಅದನ್ನು ಇಂದಿನ ಬೆಲೆಗೆ ತಂದು ತೆಗೆದುಕೊಳ್ಳಿ. ಹೊಸ ಕೆಲಸಕ್ಕೆ ಎಷ್ಟು ವರ್ಷದ ಗಡುವೋ ಅದರಿಂದ ಗುಣಿಸಿ. ಮತ್ತೆ ಒಂದೂವರೆಯಿಂದ ಗುಣಿಸಿ. ಬಂದದ್ದರಲ್ಲಿ ಅವನ ಕೈಯಲ್ಲಿ ಈಗಾಗಲೇ ಇರುವ, ಆ ಗಡುವಿನೊಳಗೆ ಮುಗಿಸಬೇಕಾದ ಕೆಲಸಗಳ ಮೊತ್ತವನ್ನು ಕಳೆಯಿರಿ. ಉಳಿದದ್ದೇ ಅವನ ಸಾಮರ್ಥ್ಯ.

ಲೆಕ್ಕ ಮಾಡಿ ನೋಡೋಣ. ಅವನ ಅತಿ ಹೆಚ್ಚಿನ ವರ್ಷದ ಕೆಲಸ 4 ಕೋಟಿ. ಗಡುವು 18 ತಿಂಗಳು, ಎಂದರೆ ಒಂದೂವರೆ ವರ್ಷ. 4 ಕೋಟಿಯನ್ನು ಒಂದೂವರೆಯಿಂದ ಗುಣಿಸಿದರೆ 6, ಮತ್ತೆ ಒಂದೂವರೆಯಿಂದ ಗುಣಿಸಿದರೆ 9 ಕೋಟಿ. ಅವನ ಕೈಯಲ್ಲಿ ಈಗಾಗಲೇ 5 ಕೋಟಿಯ ಕೆಲಸವಿದ್ದರೆ ಉಳಿಯುವುದು 4 ಕೋಟಿ. 6 ಕೋಟಿಯ ಆಸ್ಪತ್ರೆಗೆ ಅವನು ಯೋಗ್ಯನಲ್ಲ. ಈ ಲೆಕ್ಕ ನ್ಯಾಯವಾದದ್ದೇ. ಎರಡು ಎತ್ತಿನ ಗಾಡಿಗೆ ನಾಲ್ಕು ಎತ್ತಿನ ಹೇರು ಹಾಕಬಾರದು ಎಂಬ ರೈತನ ಬುದ್ಧಿಯೇ ಇದು.

ಆದರೆ ಅದೇ ಮನುಷ್ಯ ಕೈಯಲ್ಲಿರುವ 5 ಕೋಟಿಯಲ್ಲಿ 3 ಕೋಟಿಯನ್ನು ಮರೆಮಾಚಿ 2 ಕೋಟಿ ಮಾತ್ರ ಬರೆದರೆ? ಸಾಮರ್ಥ್ಯ 7 ಕೋಟಿಗೆ ಏರುತ್ತದೆ. ಆಸ್ಪತ್ರೆ ಅವನದಾಗುತ್ತದೆ. ಆ 3 ಕೋಟಿಯ ಕೆಲಸ ಬೇರೆ ಜಿಲ್ಲೆಯಲ್ಲಿ, ಬೇರೆ ಇಲಾಖೆಯಲ್ಲಿ, ಬೇರೆ ನಿಗಮದಲ್ಲಿರಬಹುದು. ಟೆಂಡರು ಪರಿಶೀಲಿಸುವ ಅಧಿಕಾರಿ ತನ್ನ ಮೇಜಿನ ಮುಂದಿರುವ ಪ್ರಮಾಣಪತ್ರವನ್ನು ನೋಡುತ್ತಾನೆ. ರಾಜ್ಯದ ಉದ್ದಗಲಕ್ಕೆ ಓಡಾಡಿ ನೋಡುವವನಲ್ಲ.

ಕಾಗದದ ಪರೀಕ್ಷೆಯ ಕುಂದು ಇದೊಂದೇ ಅಲ್ಲ. ಎರಡನೆಯದು ಒಳಗುತ್ತಿಗೆ. ಪರೀಕ್ಷೆಗೆ ಕೂರುವವನು ಒಬ್ಬ, ಕಟ್ಟುವವನು ಇನ್ನೊಬ್ಬ. ನಮ್ಮ ಶಾಲೆಯ ಕೊಠಡಿಯಲ್ಲಿ ನಡೆದದ್ದೂ ಅದೇ. ಮೂರನೆಯದು ಷರತ್ತುಗಳನ್ನೇ ಒಬ್ಬನ ಮೈಯಳತೆಗೆ ಹೊಲಿಯುವುದು. ಹತ್ತು ಸಣ್ಣ ಕೆಲಸಗಳನ್ನು ಒಂದು ಮೂಟೆ ಕಟ್ಟಿ ದೊಡ್ಡ ಮೊತ್ತ ಮಾಡಿದರೆ, ಊರಿನ ಸಣ್ಣ ಗುತ್ತಿಗೆದಾರರೆಲ್ಲ ವಹಿವಾಟಿನ ಷರತ್ತಿನಲ್ಲೇ ಹೊರಗುಳಿಯುತ್ತಾರೆ. ದೊಡ್ಡವನು ಮೂಟೆಯನ್ನು ಗೆದ್ದುಕೊಂಡು, ಅದೇ ಸಣ್ಣವರಿಗೆ ಕಡಿಮೆ ದರಕ್ಕೆ ಹಂಚುತ್ತಾನೆ. ನಡುವಿನ ಹಣ ಯಾರ ಜೇಬಿಗೆ ಹೋಯಿತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಪರೀಕ್ಷೆಯನ್ನೇ ತಪ್ಪಿಸುವುದು. ನಮ್ಮ 1999ರ ಕಾನೂನಿನ 4(ಜಿ) ಎಂಬ ಉಪಬಂಧದಂತೆ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಗಳಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. ನೆರೆ, ಬೆಂಕಿ ಮೊದಲಾದ ಆಪತ್ತಿನಲ್ಲಿ ತಡಮಾಡದೆ ಕೆಲಸ ಹಿಡಿಯಬೇಕಾಗುತ್ತದೆ, ನಿಜ. ಆದರೆ ಆಪತ್ತಿಗೆಂದು ಇಟ್ಟ ಬಾಗಿಲಿನಿಂದ ದಿನವೂ ಓಡಾಡುವ ಅಭ್ಯಾಸ ಬೆಳೆದರೆ ಮನೆಗೆ ಬೀಗ ಏಕೆ?

ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗುಜರಾತಿನ ಮೋರ್ಬಿ ನಮಗೆ ತೋರಿಸಿದೆ. ಮೋರ್ಬಿಯೂ ನಮ್ಮ ಊರಿನಂಥ ಜಿಲ್ಲಾ ಪಟ್ಟಣ. ಹಂಚು, ಗೋಡೆ ಗಡಿಯಾರ ತಯಾರಿಸುವ ಕಾರ್ಖಾನೆಗಳ ಊರು. ಅಲ್ಲಿ ಮಚ್ಛು ನದಿಯ ಮೇಲೆ ರಾಜರ ಕಾಲದ ಒಂದು ತೂಗುಸೇತುವೆ. 2022ರ ಮಾರ್ಚಿನಲ್ಲಿ ಅಲ್ಲಿನ ಪುರಸಭೆ ಅದರ ದುರಸ್ತಿ ಮತ್ತು ನಿರ್ವಹಣೆಯನ್ನು 15 ವರ್ಷಕ್ಕೆ ಒಂದು ಕಂಪೆನಿಗೆ ಒಪ್ಪಿಸಿತು. ಆ ಕಂಪೆನಿಯ ಹೆಸರು ಊರಿಗೆಲ್ಲ ಗೊತ್ತಿದ್ದದ್ದು ಗಡಿಯಾರಗಳಿಂದ. ಟೆಂಡರು ಕರೆಯಲಿಲ್ಲ. ಕಂಪೆನಿ ದುರಸ್ತಿಯನ್ನು ಇನ್ನೊಂದು ಸಣ್ಣ ಸಂಸ್ಥೆಗೆ ವಹಿಸಿತು. ನಡೆದಾಡುವ ಹಳೆಯ ಹಲಗೆ ತೆಗೆದು ಹೊಸ ಅಲ್ಯೂಮಿನಿಯಂ ಹಾಸು ಹಾಕಿದರು. ಮುಖ್ಯ ಹಗ್ಗವನ್ನು ಬದಲಾಯಿಸಲಿಲ್ಲ. ಅಕ್ಟೋಬರ್ 26ರಂದು ಸೇತುವೆ ತೆರೆಯಿತು. ಅಕ್ಟೋಬರ್ 30ರ ಸಂಜೆ, ಹಬ್ಬದ ರಜೆಯ ಜನ ಅದರ ಮೇಲೆ ನಿಂತಿದ್ದಾಗ, ಕಿತ್ತು ನದಿಗೆ ಬಿತ್ತು. 135 ಜನ ಸತ್ತರು. ಅವರಲ್ಲಿ ಬಹಳ ಮಕ್ಕಳಿದ್ದರು.

ಆಮೇಲೆ ನೇಮಕವಾದ ವಿಶೇಷ ತನಿಖಾ ತಂಡ ಕಂಡದ್ದೇನು? ಮುಖ್ಯ ಹಗ್ಗವೊಂದರ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ತೂಗುವ ಹಳೆಯ ಸರಳುಗಳಿಗೆ ಹೊಸವನ್ನು ಬೆಸುಗೆ ಹಾಕಿದ್ದರು. ಕೆಲಸ ಹಿಡಿದ ಸಂಸ್ಥೆಗೆ ಅದಕ್ಕೆ ತಕ್ಕ ತಾಂತ್ರಿಕ ಯೋಗ್ಯತೆ ಇರಲಿಲ್ಲ. ಟೆಂಡರು ಕರೆಯದೆ ಇಂಥ ಕೆಲಸ ಹೇಗೆ ಒಪ್ಪಿಸಿದಿರಿ ಎಂದು ಗುಜರಾತಿನ ಉಚ್ಚ ನ್ಯಾಯಾಲಯ ಕೇಳಿತು. 2023ರ ಏಪ್ರಿಲಿನಲ್ಲಿ ಸರ್ಕಾರ ಆ ಪುರಸಭೆಯನ್ನೇ ವಿಸರ್ಜಿಸಿತು. ಯಾರು ಎಷ್ಟು ತಪ್ಪಿತಸ್ಥರು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳುವುದಿಷ್ಟೇ. ಈ ಹಿಂದೆ ಎಷ್ಟು ತೂಗುಸೇತುವೆ ಕಟ್ಟಿದ್ದೀರಿ, ನಿಮ್ಮ ಇಂಜಿನಿಯರು ಯಾರು, ಕೆಲಸ ಮಾಡುವ ಕೈ ಯಾರದು ಎಂಬ ಮೂರು ಪ್ರಶ್ನೆಗಳನ್ನು ಮಾರ್ಚಿನಲ್ಲಿ ಕೇಳಿದ್ದರೆ ಅಕ್ಟೋಬರಿನಲ್ಲಿ 135 ಹೆಣ ಎಣಿಸಬೇಕಾಗುತ್ತಿರಲಿಲ್ಲ.

ಹಾಗಾದರೆ ಪರೀಕ್ಷೆಯೊಂದಿದ್ದರೆ ಸಾಕೆ? ದೊಡ್ಡ ವಹಿವಾಟು, ನೂರಾರು ಕೆಲಸ ಮುಗಿಸಿದ ಅನುಭವ, ದೊಡ್ಡ ಹೆಸರು ಇದ್ದರೆ ಕ್ಷೇಮವೇ? ಸಾಕಾಗದು ಎನ್ನುವುದಕ್ಕೆ ಇಂಗ್ಲೆಂಡಿನ ಕ್ಯಾರಿಲಿಯನ್ ಕಂಪೆನಿಯ ಕಥೆ ಸಾಕ್ಷಿ. 1999ರಲ್ಲಿ ಹುಟ್ಟಿದ ಈ ಕಂಪೆನಿ ಇತರ ಕಟ್ಟಡ ಕಂಪೆನಿಗಳನ್ನು ನುಂಗುತ್ತ ಬೆಳೆಯಿತು. ಆಸ್ಪತ್ರೆ ಕಟ್ಟುತ್ತಿತ್ತು, ಶಾಲೆಗಳಿಗೆ ಊಟ ಕೊಡುತ್ತಿತ್ತು, ಸೆರೆಮನೆಗಳ ಉಸ್ತುವಾರಿ ಮಾಡುತ್ತಿತ್ತು. ಮುಳುಗುವ ಹೊತ್ತಿಗೆ ಅದರ ಕೈಯಲ್ಲಿ ಸುಮಾರು 420 ಸರ್ಕಾರಿ ಗುತ್ತಿಗೆಗಳಿದ್ದವು. ಲೋಕದ ನಾನಾ ಕಡೆ ಸುಮಾರು 43,000 ನೌಕರರಿದ್ದರು. ವಹಿವಾಟಿನ ಪರೀಕ್ಷೆ ಇಟ್ಟರೆ ಅದು ಮೊದಲ ದರ್ಜೆಯಲ್ಲೇ ಪಾಸು.

ಆದರೆ ಅದಕ್ಕೆ ಮರಳು, ಕಬ್ಬಿಣ, ಕೂಲಿ ಒದಗಿಸುತ್ತಿದ್ದ ಸಣ್ಣವರನ್ನು ಕೇಳಿದ್ದರೆ ಬೇರೆಯೇ ಮಾತು ಕೇಳಿಬರುತ್ತಿತ್ತು. ಬಿಲ್ಲಿನ ಹಣ ಕೈಗೆ ಬರಲು 120 ದಿನ ಕಾಯಬೇಕಾಗಿತ್ತು. ಸಣ್ಣವರ ಹಣವನ್ನು ನಾಲ್ಕು ತಿಂಗಳು ಹಿಡಿದಿಟ್ಟುಕೊಂಡು ದೊಡ್ಡವರು ಬದುಕುತ್ತಿದ್ದರು. 2016ರ ಲೆಕ್ಕಕ್ಕೆ ಪಾಲುದಾರರಿಗೆ ಹಂಚಿದ ಲಾಭಾಂಶ ಮಾತ್ರ 7 ಕೋಟಿ 90 ಲಕ್ಷ ಪೌಂಡು. 2017ರ ಜುಲೈ 10ರಂದು ಕಂಪೆನಿ ತಾನೇ 84 ಕೋಟಿ 50 ಲಕ್ಷ ಪೌಂಡಿನ ನಷ್ಟ ಬರೆದುಕೊಂಡಿರುವುದಾಗಿ ಸಾರಿತು. ಅದಾದ ಒಂದು ವಾರಕ್ಕೆ, ಜುಲೈ 17ರಂದು, ಇನ್ನೆರಡು ಕಂಪೆನಿಗಳೊಡನೆ ಸೇರಿ ಅದಕ್ಕೆ ಹೊಸ ರೈಲು ಮಾರ್ಗದ ಭಾರಿ ಗುತ್ತಿಗೆ ಸಿಕ್ಕಿದ್ದು ಪ್ರಕಟವಾಯಿತು! 2018ರ ಜನವರಿ 15ರಂದು ಕಂಪೆನಿ ಮುಚ್ಚಿತು. ಸಾಲ ಮತ್ತು ಬಾಧ್ಯತೆ ಸುಮಾರು 700 ಕೋಟಿ ಪೌಂಡು, ಕೈಯಲ್ಲಿದ್ದ ನಗದು 2 ಕೋಟಿ 90 ಲಕ್ಷ. ಸುಮಾರು 30,000 ಸರಬರಾಜುದಾರರಿಗೂ ಒಳಗುತ್ತಿಗೆದಾರರಿಗೂ ಬರಬೇಕಾಗಿದ್ದ ಸುಮಾರು 200 ಕೋಟಿ ಪೌಂಡು ಸಿಕ್ಕಿಹಾಕಿಕೊಂಡಿತು. ಎರಡು ದೊಡ್ಡ ಆಸ್ಪತ್ರೆಗಳು ಅರ್ಧಕ್ಕೆ ನಿಂತವು. ಲಿವರ್‌ಪೂಲಿನ ಆಸ್ಪತ್ರೆಯ ತೊಲೆಗಳಲ್ಲಿ ಬಿರುಕು ಕಂಡುಬಂದು, ಅದರ ಬಾಗಿಲು ತೆರೆದದ್ದು 2022ರಲ್ಲಿ. ಬರ್ಮಿಂಗ್‌ಹ್ಯಾಮಿನ ಪಕ್ಕದ ಇನ್ನೊಂದು ತೆರೆದದ್ದು 2024ರಲ್ಲಿ.

ಇದರಿಂದ ಅಲ್ಲಿನ ಸರ್ಕಾರ ಒಂದು ಪಾಠ ಕಲಿಯಿತು. 2019ರ ಸೆಪ್ಟೆಂಬರಿನಿಂದ, ವರ್ಷಕ್ಕೆ 50 ಲಕ್ಷ ಪೌಂಡಿಗೆ ಮೇಲ್ಪಟ್ಟ ಕೇಂದ್ರ ಸರ್ಕಾರದ ಗುತ್ತಿಗೆ ಕೇಳುವವನು ತನ್ನ ಸರಬರಾಜುದಾರರಿಗೆ ಸಕಾಲದಲ್ಲಿ ಹಣ ಕೊಡುತ್ತಾನೆಂದು ತೋರಿಸಬೇಕಾಯಿತು. ನೂರರಲ್ಲಿ 95 ಬಿಲ್ಲುಗಳನ್ನು 60 ದಿನದೊಳಗೆ ತೀರಿಸಿರಬೇಕೆಂಬುದು ಆಗಿನ ಅಳತೆ. ತೋರಿಸದವನನ್ನು ಟೆಂಡರಿನಿಂದ ಹೊರಗಿಡಬಹುದು. ಆಮೇಲೆ ಈ ಅಳತೆಯನ್ನು ಇನ್ನೂ ಬಿಗಿಮಾಡಿದರು. ಎಂದರೆ ನಮ್ಮ ಚಹಾ ಅಂಗಡಿಯ ಅಜ್ಜಿಯ ಮಾತು ಕೊನೆಗೆ ಲಂಡನ್ನಿನ ಸರ್ಕಾರಿ ನಿಯಮವಾಯಿತು. ಸಣ್ಣವರ ಬಾಕಿ ತೀರಿಸುವುದೂ ಗುತ್ತಿಗೆದಾರನ ಯೋಗ್ಯತೆಯ ಒಂದು ಭಾಗವೆಂದು ಒಪ್ಪಿದರು.

ನಮ್ಮಲ್ಲಿ ಈ ವಿಷಯದಲ್ಲಿ ಏನಿದೆ? 2006ರ ಸಣ್ಣ ಉದ್ಯಮಗಳ ಕಾನೂನಿನಂತೆ, ನೋಂದಾಯಿಸಿಕೊಂಡ ಸಣ್ಣ ತಯಾರಕನಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇಟ್ಟಿಗೆ ಸುಡುವವನಿಗೆ, ಕಿಟಕಿ ಬಾಗಿಲು ಮಾಡುವವನಿಗೆ ಇದು ಆಸರೆ. ಆದರೆ ಸಿಮೆಂಟು, ಕಬ್ಬಿಣ ಮಾರುವ ಅಂಗಡಿಯವರು ಗಮನಿಸಬೇಕು. 2021ರಲ್ಲಿ ವ್ಯಾಪಾರಿಗಳನ್ನು ಈ ನೋಂದಣಿಗೆ ಸೇರಿಸಿಕೊಂಡದ್ದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ, ಈ 45 ದಿನದ ರಕ್ಷಣೆಗಲ್ಲ. ಇನ್ನು ಕೂಲಿಯ ವಿಷಯ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂಬ ತತ್ವವನ್ನು 1970ರ ಗುತ್ತಿಗೆ ಕಾರ್ಮಿಕರ ಕಾನೂನು ತಂದಿತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಆ ತತ್ವ ಉಳಿದಿದೆ. ಆದ್ದರಿಂದ ಸರ್ಕಾರಿ ಕಟ್ಟಡದಲ್ಲಿ ಕೂಲಿ ಬಾಕಿ ಉಳಿದರೆ ಅದು ಕಡೆಗೆ ಸರ್ಕಾರದ ತಲೆಯ ಮೇಲಿನ ಸಾಲ.

ಆದರೆ ಈ ಕಾನೂನುಗಳೆಲ್ಲ ಅನ್ಯಾಯ ನಡೆದ ಮೇಲೆ ದೂರು ಕೊಡುವುದಕ್ಕೆ ಇರುವಂಥವು. ಕೂಲಿ ಬಾಕಿ ಉಳಿಸಿದವನು ಮರುದಿನ ಇನ್ನೊಂದು ಟೆಂಡರಿಗೆ ಹೋದರೆ ಅವನ ಮೊದಲ ಲಕೋಟೆಯಲ್ಲಿ ಈ ವಿಷಯಕ್ಕೆ ಜಾಗವಿಲ್ಲ. ವಹಿವಾಟು ಎಷ್ಟೆಂದು ಕೇಳುತ್ತಾರೆ. ಆ ವಹಿವಾಟಿನಲ್ಲಿ ಎಷ್ಟು ಪಾಲು ಕೊಡದೆ ಉಳಿಸಿಕೊಂಡದ್ದು ಎಂದು ಕೇಳುವುದಿಲ್ಲ. ನಾನು ಈ ಭಾಷಣದಲ್ಲಿ ಹೇಳಬೇಕೆಂದಿದ್ದ ಮುಖ್ಯ ಮಾತು ಇದೇ.

ಇಲ್ಲಿ ಎರಡು ಆಕ್ಷೇಪಣೆ ಬರುತ್ತವೆ. ಸರ್ಕಾರವೇ ಬಿಲ್ಲು ಕೊಡದೆ ಸತಾಯಿಸಿದರೆ ಗುತ್ತಿಗೆದಾರ ಕೂಲಿ ಎಲ್ಲಿಂದ ಕೊಡಬೇಕು ಎನ್ನುತ್ತಾರೆ. ಇದು ನ್ಯಾಯವಾದ ಮಾತು. 2021ರಲ್ಲಿ ನಮ್ಮ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನ ಮಂತ್ರಿಗೆ ಪತ್ರ ಬರೆದು ಶೇಕಡ 40ರಷ್ಟು ಕಮಿಷನ್ ಕೇಳುತ್ತಾರೆಂದು ಆರೋಪಿಸಿತ್ತು. ಆರೋಪ ಎಷ್ಟು ನಿಜವೋ, ಅಷ್ಟು ಹಣ ಮೇಲೆ ಹೋದರೆ ಸಿಮೆಂಟಿಗೂ ಕೂಲಿಗೂ ಏನು ಉಳಿಯುತ್ತದೆ ಎಂಬುದು ಸಣ್ಣ ಮಗುವಿಗೂ ತಿಳಿಯುವ ಲೆಕ್ಕ. ಆದ್ದರಿಂದ ಗುತ್ತಿಗೆದಾರನನ್ನು ಅಳೆಯುವ ಕೋಲಿನಿಂದಲೇ ಇಲಾಖೆಯನ್ನೂ ಅಳೆಯಬೇಕು. ಯಾವ ಬಿಲ್ಲು ಯಾವ ದಿನ ಬಂತು, ಯಾವ ದಿನ ಪಾವತಿಯಾಯಿತು ಎಂಬುದನ್ನು ಅದೂ ಬಹಿರಂಗಪಡಿಸಲಿ.

ಇನ್ನೊಂದು ಆಕ್ಷೇಪಣೆ, ಹೊಸ ಷರತ್ತು ಸೇರಿಸಿದರೆ ಸಣ್ಣ ಗುತ್ತಿಗೆದಾರ ಸಾಯುತ್ತಾನೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಸಣ್ಣವನನ್ನು ಹೊರಗಿಡುವುದು ಕೋಟಿಗಟ್ಟಲೆ ವಹಿವಾಟಿನ ಷರತ್ತು. ಪ್ರಾಮಾಣಿಕವಾಗಿ ಕೂಲಿ ಕೊಟ್ಟ ಸಣ್ಣವನಿಗೆ ಕೂಲಿ ಕೊಟ್ಟ ಪುಸ್ತಕ ತೋರಿಸಲು ಏನು ಖರ್ಚು? ಹಣಬಲವೊಂದನ್ನೇ ನಂಬಿದರೆ ತಲೆತಲಾಂತರದಿಂದ ಬಂಡವಾಳ ಕಾಣದವರಿಗೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ನಮ್ಮ ಕಾನೂನೇ ಒಪ್ಪಿಕೊಂಡಿದೆ. ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಸಣ್ಣ ಕಾಮಗಾರಿಗಳಲ್ಲಿ ಒಟ್ಟು ಶೇಕಡ 24.1ರಷ್ಟು ಮೀಸಲಾತಿ ಬಂದದ್ದು, 2023ರಲ್ಲಿ ಅದರ ಮಿತಿ 50 ಲಕ್ಷದಿಂದ 1 ಕೋಟಿಗೆ ಏರಿದ್ದು ಇದೇ ಕಾರಣದಿಂದ.

ಹಾಗಾದರೆ ನಮ್ಮ ಬೇಡಿಕೆ ಏನು? ನಾಲ್ಕು ಮಾತು.

ಒಂದು: ಮೊದಲ ಲಕೋಟೆಯಲ್ಲಿ ವಹಿವಾಟಿನ ಪತ್ರದ ಜೊತೆಗೆ, ಹಿಂದಿನ ಕೆಲಸಗಳಲ್ಲಿ ಕೂಲಿಯೂ ಸರಬರಾಜುದಾರರ ಬಾಕಿಯೂ ತೀರಿದೆ ಎಂಬ ದಾಖಲೆ ಇರಬೇಕು. ಕಡೆಯ ಬಿಲ್ಲು ಪಾಸು ಮಾಡುವ ಮೊದಲು, ಬಾಕಿ ಇರುವವರು ಬಂದು ಹೇಳಿ ಎಂದು ಕೆಲಸದ ಜಾಗದಲ್ಲೇ ನೋಟೀಸು ಹಚ್ಚಬೇಕು.

ಎರಡು: ಯಾವ ಗುತ್ತಿಗೆದಾರನ ಕೈಯಲ್ಲಿ ಯಾವ ಇಲಾಖೆಯ ಎಷ್ಟು ಕೆಲಸವಿದೆ, ಎಷ್ಟು ಗಡುವು ಮೀರಿದೆ ಎಂಬ ಪಟ್ಟಿ ಇಡೀ ರಾಜ್ಯಕ್ಕೆ ಒಂದೇ ಆಗಿರಬೇಕು, ಯಾರು ಬೇಕಾದರೂ ನೋಡುವಂತಿರಬೇಕು. ಆಗ 3 ಕೋಟಿಯನ್ನು ಮರೆಮಾಚುವುದು ಸುಲಭವಾಗುವುದಿಲ್ಲ.

ಮೂರು: ಒಳಗುತ್ತಿಗೆ ಇದ್ದರೆ ಆ ಹೆಸರು ಟೆಂಡರಿನಲ್ಲೇ ಬರಬೇಕು. ಅವನ ಯೋಗ್ಯತೆಯನ್ನೂ ಅದೇ ಕೋಲಿನಿಂದ ಅಳೆಯಬೇಕು. ಹೆಸರಿಲ್ಲದ ಕೈಗೆ ಶಾಲೆಯ ಚಾವಣಿಯನ್ನು ಒಪ್ಪಿಸಬಾರದು.

ನಾಲ್ಕು: ಸಣ್ಣ ಕೆಲಸಗಳನ್ನು ಮೂಟೆ ಕಟ್ಟಬಾರದು. ಊರಿನ ಕೆಲಸ ಊರಿನ ಸಣ್ಣ ಗುತ್ತಿಗೆದಾರರಿಗೂ ಕಾರ್ಮಿಕರ ಸಹಕಾರ ಸಂಘಗಳಿಗೂ ಎಟುಕುವಂತಿರಬೇಕು. ಡಾ. ಲೋಹಿಯಾ ಹೇಳಿದ ಚತುಸ್ತಂಭ ರಾಜ್ಯದಲ್ಲಿ ಹಳ್ಳಿಯೂ ಜಿಲ್ಲೆಯೂ ಎರಡು ಕಂಬಗಳು. ತನ್ನ ಚರಂಡಿಯನ್ನು ಯಾರು ಕಟ್ಟಬಲ್ಲರೆಂದು ತೀರ್ಮಾನಿಸುವ ಅಧಿಕಾರವೂ ಅದಕ್ಕೆ ಇಲ್ಲದಿದ್ದರೆ ಆ ಕಂಬ ಏತಕ್ಕೆ?

ಬೇಡಿಕೆ ಈಡೇರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ನಾಳೆಯಿಂದಲೇ ಮಾಡಬಹುದಾದ ಕೆಲಸವಿದೆ. 2005ರ ಮಾಹಿತಿ ಹಕ್ಕಿನ ಕಾನೂನು ಕಾಗದ ಕೇಳುವ ಹಕ್ಕನ್ನು ಮಾತ್ರ ಕೊಟ್ಟಿಲ್ಲ. ಸರ್ಕಾರಿ ಕೆಲಸವನ್ನು ಹೋಗಿ ಪರಿಶೀಲಿಸುವ, ಅಲ್ಲಿನ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಸಿಮೆಂಟು ಗಾರೆಯ ಮಾದರಿ ಕೇಳಬಹುದು. ಗೆದ್ದವನ ಅನುಭವ ಪತ್ರ, ಅಂದಾಜು ಪಟ್ಟಿ, ಇಲಾಖೆಯ ಅಳತೆ ಪುಸ್ತಕ ಕೇಳಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ ಒಬ್ಬರೇ ಎಲ್ಲ ಕೇಳಬೇಡಿ. ಒಬ್ಬರು ಅನುಭವ ಪತ್ರ ಕೇಳಿ, ಇನ್ನೊಬ್ಬರು ಅಳತೆ ಪುಸ್ತಕ ಕೇಳಿ, ಮತ್ತೊಬ್ಬರು ಮಾದರಿ ಕೇಳಿ. ಬರೆಯಲು ಬಾರದವರು ಪಕ್ಷದ ಕಛೇರಿಗೆ ಬನ್ನಿ. ನಾನು ಕೂತು ಬರೆದುಕೊಡುತ್ತೇನೆ.

ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಗುತ್ತಿಗೆದಾರನ ಬಾಕಿಯನ್ನು ಮಾನದ ವಿಷಯವೆಂದು ಮುಚ್ಚಿಡಬೇಡಿ. ನಿಮ್ಮ ಖಾತೆ ಪುಸ್ತಕದ ಆ ಒಂದು ಪುಟ ಈ ಊರಿನ ಆಸ್ಪತ್ರೆಯ ಭದ್ರತೆಯ ದಾಖಲೆ. ಕೂಲಿ ಮಾಡುವ ಅಕ್ಕತಂಗಿಯರಿಗೂ ಅದೇ ಮಾತು. ಹಾಜರಿಯ ಚೀಟಿ ಕೇಳಿ ಪಡೆಯಿರಿ, ಜೋಪಾನವಾಗಿಡಿ. ಒಬ್ಬೊಬ್ಬರೇ ಹೋಗಿ ಹೇಳಿದರೆ ಕೆಲಸ ಹೋಗುತ್ತದೆಂಬ ಭಯ ನನಗೆ ಗೊತ್ತು. ಆ ಭಯಕ್ಕೆಂದೇ ಸಂಘವಿದೆ. ಗಿರಣಿಯ ಸಂಘದವರು ಕಟ್ಟಡ ಕೆಲಸದವರ ಜೊತೆ ನಿಲ್ಲಬೇಕು. ಅವರು ಕಟ್ಟುವ ಚಾವಣಿಯ ಕೆಳಗೆ ಕೂರುವವರು ನಿಮ್ಮ ಮಕ್ಕಳೇ.

ಇಂಜಿನಿಯರನ ವಿದ್ಯೆ ಬೇಡವೆಂದು ನಾನು ಹೇಳುತ್ತಿಲ್ಲ. ಕಂಬ ಎಷ್ಟು ಭಾರ ಹೊರುತ್ತದೆಂದು ಅವನೇ ಹೇಳಬೇಕು. ಆದರೆ ಮಾತಿಗೆ ನಿಲ್ಲುವ ಮನುಷ್ಯ ಯಾರೆಂದು ಅವನ ಜೊತೆ ದುಡಿದವರು, ಅವನಿಗೆ ಉದ್ರಿ ಕೊಟ್ಟವರು ಹೇಳಬೇಕು. ನಮ್ಮ ಶಾಲೆಯ ಎದುರಿನ ಅಜ್ಜಿಯ ಮಾತನ್ನು ಅಂದು ನಾನು ಯಾರಿಗೂ ಬರೆದು ತಿಳಿಸಲಿಲ್ಲ. ಮತ್ತೊಮ್ಮೆ ಆ ತಪ್ಪು ಮಾಡುವುದಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ, ಈ ಊರಿನಲ್ಲಿ ಈಗ ನಡೆಯುತ್ತಿರುವ ಸರ್ಕಾರಿ ಕಟ್ಟಡಗಳ ಪಟ್ಟಿ ಹಿಡಿದು ಒಂದೊಂದೇ ಜಾಗಕ್ಕೆ ಹೋಗೋಣ. ಯಾರು ಕಟ್ಟುತ್ತಿದ್ದಾರೆ, ಕೂಲಿ ಯಾವಾಗ ಕೊಟ್ಟರು ಎಂದು ಕೇಳಿ ಬರೆದುಕೊಳ್ಳೋಣ. ಬರುವವರು ಒಂದು ನೋಟು ಪುಸ್ತಕ ತನ್ನಿ.